ಬಾಗಿಯೂ ಮುರಿಯದ ತೊಲೆ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯದ ಮಂಟಪದೊಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಒಂದು ಪ್ರಶ್ನೆ ಹೊಳೆದಿರಬಹುದು: ಇಷ್ಟೊಂದು ಕಂಬಗಳೇಕೆ? 1196ರಲ್ಲಿ ಅದನ್ನು ಕಟ್ಟಿದ ಹೊಯ್ಸಳ ಶಿಲ್ಪಿಗಳಿಗೆ ಅಂದವೊಂದೇ ಕಾರಣವಾಗಿರಲಾರದು. ಭಾರ ಬಿದ್ದ ತೊಲೆಯ ಮೇಲ್ಭಾಗ ಒತ್ತಡಕ್ಕೂ ತಳಭಾಗ ಎಳೆತಕ್ಕೂ ಒಳಗಾಗುತ್ತದೆ. ಕಲ್ಲು ಒತ್ತಡವನ್ನು ತಾಳೀತು, ಎಳೆತವನ್ನು ತಾಳದು. ತಳದಲ್ಲಿ ಬಿರುಕು ಮೂಡಿತೆಂದರೆ ಮುನ್ಸೂಚನೆಯಿಲ್ಲದೆ ಇಬ್ಭಾಗವಾದೀತು. ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದೇ ಜಾಣತನ.

ಉಕ್ಕಿನ ಸ್ವಭಾವ ಬೇರೆ. ಇದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು 1923ರಿಂದ ಭದ್ರಾವತಿಯಲ್ಲಿ ಕರಗಿ ಕಬ್ಬಿಣವಾಯಿತು, ಮುಂದೆ ಉಕ್ಕೂ ಆಯಿತು. ಮೃದು ಉಕ್ಕಿನ ತೊಲೆಯೊಂದರ ಮೇಲೆ ಭಾರ ಹೇರುತ್ತ ಹೋಗಿ. ಮೊದಮೊದಲು ಬಾಗುತ್ತದೆ, ಭಾರ ತೆಗೆದರೆ ನೆಟ್ಟಗಾಗುತ್ತದೆ. ಚದರ ಮಿಲಿಮೀಟರಿಗೆ ಸುಮಾರು 250 ನ್ಯೂಟನ್ ಬಲ ಮುಟ್ಟಿದಾಗ ಮೇಲಂಚು ಕೆಳಂಚುಗಳು ಶರಣಾಗುತ್ತವೆ. ಆದರೆ ಶರಣಾದ ಎಳೆ ತನ್ನ ಹೊರೆಯನ್ನು ಕೈಬಿಡುವುದಿಲ್ಲ. ಅಷ್ಟನ್ನು ಹೊತ್ತುಕೊಂಡೇ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಹೆಚ್ಚಿನದನ್ನು ಒಳಗಿನ ನೆರೆಯೆಳೆಗಳಿಗೆ ದಾಟಿಸುತ್ತದೆ. ಹೀಗೆ ನಡುಮಧ್ಯದವರೆಗೂ ಎಲ್ಲ ಎಳೆಗಳು ಮಿತಿ ಮುಟ್ಟಿದಾಗ ತೊಲೆ ತೋರುವ ಬಾಗುಬಲವೇ ಅದರ ಸುನಮ್ಯ ಸಾಮರ್ಥ್ಯ. ಆಯತಾಕಾರದ ತೊಲೆಯಲ್ಲಿ ಅದು ಮೊದಲ ಶರಣಾಗತಿಯ ಬಲಕ್ಕಿಂತ ಶೇಕಡ 50ರಷ್ಟು ಹೆಚ್ಚು; ಇಂಗ್ಲಿಷಿನ ‘ಐ’ ಅಕ್ಷರದಂತಿರುವ ತೊಲೆಯಲ್ಲಿ ಸಾಮಾನ್ಯವಾಗಿ ಶೇಕಡ 12ರಿಂದ 15 ಮಾತ್ರ. ಅದರ ಉಕ್ಕಿನ ಬಹುಪಾಲು ಮೊದಲೇ ಅಂಚುಗಳಲ್ಲಿ ದುಡಿಯುತ್ತಿರುತ್ತದಲ್ಲವೆ?

ಎರಡೂ ತುದಿಗಳನ್ನು ಬಿಗಿದ ತೊಲೆಯಲ್ಲಿ ಇನ್ನೊಂದು ಸೋಜಿಗ. ಸಮನಾಗಿ ಹರಡಿದ ಭಾರಕ್ಕೆ ಮೊದಲು ಸೋಲುವುವು ತುದಿಗಳು. ಆಗ ನಡುಭಾಗ ತನ್ನ ಶಕ್ತಿಯ ಅರ್ಧವನ್ನಷ್ಟೇ ಬಳಸಿರುತ್ತದೆ. ತುದಿಗಳು ತುಕ್ಕು ಹಿಡಿದ ತಿರುಗಣಿಗಳಂತೆ ಬಿಗಿಯಾಗಿ ತಿರುಗುತ್ತ ಹೊರೆಯನ್ನು ನಡುವಿಗೆ ವಹಿಸುತ್ತವೆ. ಭಾರ ಇನ್ನೂ ಮೂರನೆಯ ಒಂದು ಪಾಲು ಏರಿ, ನಡುವೆ ಮೂರನೆಯ ತಿರುಗಣಿ ಮೂಡಿದಾಗಲೇ ಕುಸಿತ. ಹಂಗೇರಿಯ ಕಾಜಿನ್ಸಿ ಇದನ್ನು 1914ರಲ್ಲಿ ಪ್ರಯೋಗದಿಂದ ತೋರಿಸಿದರು. ಜಾನ್ ಬೇಕರ್ ಯುದ್ಧಕಾಲದಲ್ಲಿ, 1941ರಲ್ಲಿ, ಇದೇ ತತ್ತ್ವವನ್ನು ನಂಬಿ ಮನೆಯೊಳಗಿಡುವ ಉಕ್ಕಿನ ಮೇಜೊಂದನ್ನು ರೂಪಿಸಿದರು: ಬಾಂಬಿಗೆ ಮನೆ ಕುಸಿದರೆ ಮೇಜು ಸೊಟ್ಟಗಾಗಲಿ, ಅಡಿಯಲ್ಲಿ ಮಲಗಿದವರು ಬದುಕಲಿ!

ಹಾಗೆಂದು ಈ ಲೆಕ್ಕ ಎಲ್ಲೆಡೆಯೂ ಸಲ್ಲದು. ಕಡೂರು ತಾಲ್ಲೂಕಿನ ಬೀರೂರಿನಲ್ಲಿ ಕವಲೊಡೆದು ತರೀಕೆರೆಯತ್ತ ಒಂದು, ಅಜ್ಜಂಪುರದತ್ತ ಒಂದು ಸಾಗುವ ರೈಲುದಾರಿಗಳನ್ನು ನೆನೆಯಿರಿ. ಇಂಥ ದಾರಿಯ ಉಕ್ಕಿನ ಸೇತುವೆ ಗಾಡಿ ಹಾದಾಗಲೆಲ್ಲ ಬಾಗಿ ಏಳಬೇಕು. ಲಕ್ಷಾಂತರ ಬಾರಿ ಬಾಗಿದ ಉಕ್ಕು ದಣಿದು, ಎಷ್ಟೋ ಕಡಿಮೆ ಭಾರಕ್ಕೇ ಬಿರಿಯಬಹುದು. ಅಲ್ಲಿ ಎಂಜಿನಿಯರು ಶರಣಾಗತಿಗೆ ಬಹು ಮುಂಚೆಯೇ ನಿಲ್ಲಬೇಕು.