ನೆರೆಯವರ ದನ ಹೊಲಕ್ಕೆ ನುಗ್ಗಿದಾಗ: ನಷ್ಟ ತುಂಬುವುದು, ನೆರೆಹೊರೆ ಉಳಿಸುವುದು

"ರಾತ್ರಿ ಪಕ್ಕದವರ ಎಮ್ಮೆ ಹೊಲ ಮೇಯ್ದಿದೆ" ಎಂಬ ದೂರು ಗ್ರಾಮ ಪಂಚಾಯತಿ ಸದಸ್ಯರಿಗೆ ಹೊಸದಲ್ಲ. ನಷ್ಟ ಎರಡು ಮೂರು ಗುಂಟೆಯ ರಾಗಿಯಷ್ಟೇ ಇರಬಹುದು. ಆದರೆ ದೂರು ಕೊಟ್ಟವರೂ ದೂರಿಗೆ ಒಳಗಾದವರೂ ಒಂದೇ ಬದುವಿನ ಎರಡು ಬದಿಯ ಜನ. ಒಂದೇ ಬಂಡಿದಾರಿಯಲ್ಲಿ ಓಡಾಡುವವರು. ಇತ್ಯರ್ಥವಾಗದೆ ಉಳಿದ ಎಮ್ಮೆಯ ದೂರು ಮುಂದೆ ದಾರಿ ಮುಚ್ಚುವ ಜಗಳವಾಗಿ, ಪೊಲೀಸ್ ಠಾಣೆಯ ಪ್ರಕರಣವಾಗಿ ಬೆಳೆಯುವುದುಂಟು. ಆದುದರಿಂದ ಇಂತಹ ದೂರನ್ನು ಕ್ರಮಬದ್ಧವಾಗಿ ನಿರ್ವಹಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ದೂರು ಹುಟ್ಟುವ ಕಾರಣ

ಮಾಲೀಕರ ಅಲಕ್ಷ್ಯವೊಂದೇ ಇದಕ್ಕೆ ಕಾರಣವಲ್ಲ. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ದನಗಳನ್ನು ಮುಕ್ತವಾಗಿ ಮೇಯಲು ಬಿಡುವುದು ಅನೇಕ ಗ್ರಾಮಗಳ ಹಳೆಯ ರೂಢಿ. ಊರಿನ ಎಲ್ಲರ ಪೈರೂ ಒಂದೇ ಕಾಲಕ್ಕೆ ಕೊಯ್ಲಾಗುತ್ತಿದ್ದಾಗ ಈ ರೂಢಿಯಿಂದ ಯಾರಿಗೂ ತೊಂದರೆಯಿರಲಿಲ್ಲ; ಹೊಲಕ್ಕೆ ಗೊಬ್ಬರವೂ ದೊರೆಯುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಸ್ಥಿತಿ ಬದಲಾಗಿದೆ. ಮಳೆಯಾಶ್ರಿತ ರೈತನ ಹೊಲ ಬರಿದಾಗಿರುವಾಗ ಪಕ್ಕದ ನೀರಾವರಿ ಹೊಲದಲ್ಲಿ ಎಳೆಯ ಪೈರು ಹಸಿರಾಗಿರುತ್ತದೆ. ಒಬ್ಬನು ಹಿಂದಿನಿಂದ ಬಂದ ಪದ್ಧತಿಯಂತೆ ದನ ಬಿಟ್ಟಿದ್ದಾನೆ, ಇನ್ನೊಬ್ಬನು ಸಾಲ ಮಾಡಿ ಬೆಳೆ ಇಟ್ಟಿದ್ದಾನೆ. ಇಬ್ಬರ ದೃಷ್ಟಿಯಲ್ಲೂ ತಪ್ಪು ಎದುರಿನವನದೇ. ಈ ಅಂಶವನ್ನು ಸದಸ್ಯರು ಮೊದಲೇ ಅರಿತಿದ್ದರೆ ಮಾತುಕತೆ ಬೈಗುಳದಿಂದ ಆರಂಭವಾಗುವುದಿಲ್ಲ.

ಅದೇ ದಿನ ಸ್ಥಳ ಪರಿಶೀಲನೆ

ಹೆಜ್ಜೆ ಗುರುತು ಅಳಿಯುವ ಮುನ್ನ, ದೂರು ಬಂದ ದಿನವೇ ಸದಸ್ಯರು ಹೊಲಕ್ಕೆ ಹೋಗುವುದು ಉತ್ತಮ. ಜಾನುವಾರಿನ ಮಾಲೀಕರೂ ಜೊತೆಯಲ್ಲಿರಬೇಕು. ತನ್ನ ಕಣ್ಣಿನಿಂದ ನಷ್ಟ ಕಂಡವನು ಅದನ್ನು ಸುಲಭವಾಗಿ ಅಲ್ಲಗಳೆಯಲಾರ. ಕಾಣದವನು ಎಷ್ಟು ಹೇಳಿದರೂ ನಂಬಲಾರ.

ಜಾನುವಾರು ಯಾರದೆಂಬ ವಿವಾದವಿದ್ದಲ್ಲಿ ಕಿವಿಯೋಲೆಯನ್ನು ನೋಡಬೇಕು. ಹಸು, ಎಮ್ಮೆಗಳ ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಸ್ಥಳೀಯ ಪಶು ಆಸ್ಪತ್ರೆಯ ಸಿಬ್ಬಂದಿಯ ನೆರವಿನಿಂದ ಮಾಲೀಕರನ್ನು ಗುರುತಿಸಲು ಇದು ಸಹಾಯಕ.

ನಷ್ಟದ ಲೆಕ್ಕ

"ಹೊಲವೆಲ್ಲ ಹಾಳಾಯಿತು" ಎಂಬ ಮಾತಿಗೂ "ನಾಲ್ಕು ತೆನೆ ತಿಂದಿದೆ" ಎಂಬ ಮಾತಿಗೂ ನಡುವಿನ ಸತ್ಯವನ್ನು ಅಳತೆಯಿಂದ ಕಾಣಬಹುದು. ಉದ್ದ 33 ಅಡಿ, ಅಗಲ 33 ಅಡಿ ಇರುವ ಜಾಗ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಹಾಳಾದ ಭಾಗವನ್ನು ಇಬ್ಬರ ಎದುರಿನಲ್ಲೇ ಹಗ್ಗ ಹಿಡಿದು ಅಳೆಯಬೇಕು. ಉದಾಹರಣೆಗೆ, ಎಕರೆಗೆ 12 ಕ್ವಿಂಟಾಲ್ ರಾಗಿ ನಿರೀಕ್ಷಿತವಾಗಿದ್ದರೆ ಗುಂಟೆಗೆ 30 ಕಿಲೋ ಆಗುತ್ತದೆ. ಮೂರು ಗುಂಟೆ ಪೂರ್ಣ ಹಾಳಾಗಿದ್ದರೆ ನಷ್ಟ 90 ಕಿಲೋ ರಾಗಿ ಮತ್ತು ಅದರ ಹುಲ್ಲು. ಇನ್ನು ಮುಂದೆ ಆ ಮೂರು ಗುಂಟೆಗೆ ತಗಲಬೇಕಾಗಿದ್ದ ಕಳೆ, ಕೊಯ್ಲಿನ ಖರ್ಚನ್ನು ಇದರಲ್ಲಿ ಕಳೆಯುವುದು ನ್ಯಾಯ.

ಪೈರು ಎಳೆಯದಾಗಿದ್ದು ಕುಡಿ ಉಳಿದಿದ್ದರೆ ಮತ್ತೆ ಚಿಗುರುವ ಸಾಧ್ಯತೆಯಿದೆ. ಆಗ ವಿಸ್ತೀರ್ಣವನ್ನು ಮಾತ್ರ ಬರೆದಿಟ್ಟು, ಎರಡು ವಾರದ ನಂತರ ಮತ್ತೊಮ್ಮೆ ನೋಡಿ ಮೊತ್ತ ನಿರ್ಧರಿಸಬಹುದು. ಪರಿಹಾರ ಹಣದಲ್ಲೇ ಇರಬೇಕೆಂದಿಲ್ಲ. ಧಾನ್ಯವನ್ನು ಸುಗ್ಗಿಯಲ್ಲಿ ಅಳೆದು ಕೊಡುವ ಒಪ್ಪಂದ ಎಷ್ಟೋ ಬಾರಿ ಇಬ್ಬರಿಗೂ ಹಗುರ. ಮಾಲೀಕರು ಭೂರಹಿತರಾಗಿದ್ದರೆ ಕಂತುಗಳಿಗೆ ಅವಕಾಶವಿರಲಿ. ಆದರೆ ನಷ್ಟಕ್ಕೆ ಬದಲಾಗಿ ಇಂತಿಷ್ಟು ದಿನ ದುಡಿಯಬೇಕೆಂದು ಬರೆಯಿಸಕೂಡದು. ಜೀತ ಪದ್ಧತಿ 1976ರ ಕಾಯಿದೆಯಿಂದ ರದ್ದಾಗಿದೆ. ಅದರ ನೆರಳೂ ಪಂಚಾಯತಿ ಸದಸ್ಯರ ಸಮ್ಮುಖದ ಒಪ್ಪಂದದ ಮೇಲೆ ಬೀಳಬಾರದು.

ಸದಸ್ಯರು ಇಲ್ಲಿ ನ್ಯಾಯಾಧೀಶರಲ್ಲ, ಮಧ್ಯಸ್ಥರು. ಸ್ವಂತ ತೀರ್ಮಾನದಿಂದ ದಂಡ ವಿಧಿಸುವ ಅಧಿಕಾರ ಅವರಿಗಿಲ್ಲ. ಉಭಯತರರು ಒಪ್ಪಿದ್ದನ್ನು ಬರಹಕ್ಕಿಳಿಸಿ ಸಹಿ ಪಡೆದು ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟರೆ ಸಾಕು.

ದೊಡ್ಡಿ: ಕೊನೆಯ ದಾರಿ, ಸಿದ್ಧವಿರಬೇಕಾದ ದಾರಿ

ಪದೇ ಪದೇ ಹೇಳಿದರೂ ಜಾನುವಾರನ್ನು ಕಟ್ಟದಿದ್ದರೆ ಕಾನೂನಿನ ದಾರಿಯಿದೆ. 1871ರಷ್ಟು ಹಿಂದೆಯೇ ಇದಕ್ಕೊಂದು ಕೇಂದ್ರ ಕಾಯಿದೆ ಬಂದಿತ್ತು; ರಾಜ್ಯದಲ್ಲಿ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಅಧಿನಿಯಮ, 1966 ಇದೆ. ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡುತ್ತಿರುವ ಜಾನುವಾರನ್ನು ಸಾಗುವಳಿದಾರನು ಹಿಡಿದು ದೊಡ್ಡಿಗೆ ಒಪ್ಪಿಸಬಹುದು. ಬಂದೀದೊಡ್ಡಿ, ಕೊಂಡವಾಡ ಎಂದು ಕರೆಯುವುದು ಇದನ್ನೇ. ಮಾಲೀಕನು ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳಬೇಕು. ಹಿಡಿದ ಜಾನುವಾರನ್ನು ಬಲವಂತದಿಂದ ಬಿಡಿಸಿಕೊಂಡು ಹೋಗುವುದು ಅಪರಾಧ. ಹಾಗೆಯೇ, ಅಕ್ರಮವಾಗಿ ಹಿಡಿದಲ್ಲಿ ಮಾಲೀಕನೂ ದೂರು ಕೊಡಬಹುದು.

ಇಲ್ಲಿ ಒಂದು ಅಂಶವನ್ನು ರೈತರಿಗೆ ತಿಳಿಸಿ ಹೇಳಬೇಕು. ಬಿಡಿಸಿಕೊಳ್ಳುವಾಗ ತೆರುವ ದಂಡ ದೊಡ್ಡಿಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಬೆಳೆ ಕಳೆದುಕೊಂಡವರ ಕೈಗೆ ಬರುವುದಿಲ್ಲ. ದೊಡ್ಡಿಯಿಂದ ದನಕ್ಕೆ ತಡೆ ದೊರೆಯುತ್ತದೆ, ನಷ್ಟಕ್ಕೆ ಪರಿಹಾರ ದೊರೆಯುವುದಿಲ್ಲ. ಪರಿಹಾರಕ್ಕೆ ಒಪ್ಪಂದ ಅಥವಾ ನ್ಯಾಯಾಲಯವೇ ದಾರಿ. ಮೊದಲು ಮಾತುಕತೆ ಎನ್ನುವುದಕ್ಕೆ ಇದೇ ಮುಖ್ಯ ಕಾರಣ. ಆದಾಗ್ಯೂ ದೊಡ್ಡಿಯೇ ಇಲ್ಲದ, ಅಥವಾ ಗೋಡೆ ಕುಸಿದು ಮುಳ್ಳು ಬೆಳೆದಿರುವ ಊರಿನಲ್ಲಿ ಮಾತಿಗೂ ತೂಕವಿರುವುದಿಲ್ಲ. ನೆರಳು, ನೀರು, ಮೇವು ಮತ್ತು ವಹಿ ಇರುವ ದೊಡ್ಡಿ ಸುಸ್ಥಿತಿಯಲ್ಲಿರಲಿ.

ಮಾಡಬಾರದವು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮಾಲೀಕನ ಮೇಲಿನ ಸಿಟ್ಟನ್ನು ಮೂಕಪ್ರಾಣಿಯ ಮೇಲೆ ತೀರಿಸುವುದು ಸಲ್ಲದು. ಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಪಂಪ್‌ಸೆಟ್ಟಿನ ತಂತಿಯಿಂದ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಇನ್ನೂ ಭೀಕರ. ಸೌರ ಬೇಲಿಯ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಕ್ಷಣಾರ್ಧದ ಆಘಾತ ನೀಡಿ ಬಿಡುತ್ತದೆ. ತಾಗಿದ ಪ್ರಾಣಿ ಹಿಂದೆ ಸರಿಯಬಲ್ಲದು. ನೇರ ವಿದ್ಯುತ್ತು ನಿರಂತರವಾಗಿ ಹರಿಯುವುದರಿಂದ ತಾಗಿದವರನ್ನು ಬಿಡುವುದಿಲ್ಲ. ನಸುಕಿನಲ್ಲಿ ನೀರು ಕಟ್ಟಲು ಹೋದ ಮನೆಯವರೇ ಅದಕ್ಕೆ ಬಲಿಯಾಗಬಹುದು.

ಹೊಲ ಮೇಯ್ದ ದನ ಸತ್ತರೆ ವಿಷದ ಸಂಶಯ ಏಳುವುದು ಸಹಜ. ಎಳೆಯ ಜೋಳದಲ್ಲಿ, ನೀರಿಲ್ಲದೆ ಬಾಡಿ ಕುಂಠಿತವಾದ ಜೋಳದಲ್ಲಿ, ಕೂಳೆಯ ಚಿಗುರಿನಲ್ಲಿ ದನಗಳಿಗೆ ಮಾರಕವಾದ ಸಯನೈಡ್ ವಿಷ ತಾನಾಗಿಯೇ ಉತ್ಪತ್ತಿಯಾಗುತ್ತದೆ. ಆದುದರಿಂದ ಪಶುವೈದ್ಯರ ಮರಣೋತ್ತರ ಪರೀಕ್ಷೆಗೆ ಮುನ್ನ ಯಾರ ಮೇಲೂ ಆರೋಪ ಹೊರಿಸಲು ಅವಕಾಶ ಕೊಡಬಾರದು. ಅಂತೆಯೇ, ಕೀಟನಾಶಕ ಸಿಂಪಡಿಸಿದವರು ಪಕ್ಕದ ಹೊಲದವರಿಗೆ ಅಂದೇ ತಿಳಿಸುವ ರೂಢಿ ಬೆಳೆಯಲಿ.

ಮುಂಜಾಗ್ರತೆ

ಸುಗ್ಗಿಗೆ ಮುಂಚಿತವಾಗಿ ವಾರ್ಡ್ ಸಭೆಯಲ್ಲಿ ಎರಡು ವಿಷಯ ನಿಶ್ಚಯವಾಗಲಿ: ಯಾವ ದಿನದಿಂದ, ಯಾವ ಭಾಗದಲ್ಲಿ ದನ ಬಿಡಬಹುದು, ಮನೆಗಿಷ್ಟೆಂದು ಕೂಡಿಸಿ ಊರಿಗೊಬ್ಬ ದನಗಾಹಿಯನ್ನು ನೇಮಿಸಬಹುದೇ. ಗೋಮಾಳದ ಸ್ಥಿತಿಯನ್ನೂ ಪರಿಶೀಲಿಸಬೇಕು. ಕರ್ನಾಟಕ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಕಾದಿರಿಸಲು ಹೇಳುತ್ತವೆ. ಗೋಮಾಳ ಒತ್ತುವರಿಯಾದ ಊರಿನಲ್ಲಿ ದನಗಳಿಗೆ ಉಳಿಯುವುದು ಇನ್ನೊಬ್ಬರ ಹೊಲವೇ.

ಕೊನೆಯದಾಗಿ, ದನ ಸದಸ್ಯರದೇ ಆಗಿರುವ ಸಂದರ್ಭವೂ ಉಂಟು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರಲು ಯಾರ ಬಳಿಗೆ ಹೋಗಬೇಕು? ಅಂತಹ ಪ್ರಕರಣದಲ್ಲಿ ಮಧ್ಯಸ್ಥಿಕೆಯನ್ನು ಬೇರೊಬ್ಬ ಸದಸ್ಯರಿಗೆ ವಹಿಸಿ, ಅಳೆದ ನಷ್ಟವನ್ನು ಮೊದಲು ತಾವೇ ತುಂಬಿಕೊಟ್ಟರೆ, ಮುಂದಿನ ದೂರಿನಲ್ಲಿ ಅವರ ಮಾತನ್ನು ಊರು ಕೇಳುತ್ತದೆ.