ಮಂಗಳದಲ್ಲಿ ಕುಸ್ತಿಯೋ, ಕರಾಟೆಯೋ?

ಬಸವೇಶ್ವರನಗರದ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಭಾನುವಾರ ಬೆಳಗ್ಗೆ ಕರಾಟೆ ಕ್ಲಾಸು. ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಮಾಸ್ಟರು ಕೈ ನೋಡುವುದು ಕಡಿಮೆ, ಅವರ ಕಣ್ಣೆಲ್ಲ ಪಾದಗಳ ಮೇಲೆ. ‘ಹಿಮ್ಮಡಿ ಎತ್ತಬೇಡ್ರೋ, ನೆಲ ಒತ್ತಿ’ ಎಂದು ಕೂಗುತ್ತಿರುತ್ತಾರೆ. ಮೊನ್ನೆ ಹನ್ನೆರಡರ ಹುಡುಗನೊಬ್ಬ ಕೇಳಿದ: ‘ಸರ್, ಮಂಗಳ ಗ್ರಹದಲ್ಲಾದ್ರೆ ಕಿಕ್ ಇನ್ನೂ ಎತ್ತರ ಹೋಗುತ್ತಲ್ವಾ?’

ಇಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಪೀಣ್ಯದಲ್ಲಿ, ಇಸ್ರೋದ ನೌಕಾ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಆ ಗ್ರಹದ ಕಕ್ಷೆ ಸೇರಿದಾಗ ನಿಯಂತ್ರಣ ನಡೆದದ್ದು ಅಲ್ಲಿಂದಲೇ. ಈ ಬಡಾವಣೆಯ ಹುಡುಗ ಕೇಳಬೇಕಾದ ಪ್ರಶ್ನೆಯೇ ಅದು.

ಮಂಗಳದ ಗುರುತ್ವ ಭೂಮಿಯದರ ಶೇ 38ರಷ್ಟು. ಇಲ್ಲಿ 40 ಸೆಂಟಿಮೀಟರ್ ಜಿಗಿಯುವವನು ಅದೇ ವೇಗದಲ್ಲಿ ಅಲ್ಲಿ ಚಿಮ್ಮಿದರೆ ಒಂದು ಮೀಟರ್ ದಾಟುತ್ತಾನೆ. ಆದರೆ ಇಲ್ಲಿ ಅರ್ಧ ಸೆಕೆಂಡ್ ಚಿಲ್ಲರೆಯಲ್ಲಿ ಇಳಿಯುವವನು ಅಲ್ಲಿ ಒಂದೂವರೆ ಸೆಕೆಂಡ್ ಗಾಳಿಯಲ್ಲೇ ಇರುತ್ತಾನೆ. ಒಮ್ಮೆ ನೆಲ ಬಿಟ್ಟಮೇಲೆ ದಾರಿ ಬದಲಿಸಲಾಗದು. ಎದುರಾಳಿ ಎರಡು ಹೆಜ್ಜೆ ಸರಿದು, ಇವನು ಇಳಿಯುವ ಜಾಗದಲ್ಲಿ ಕಾದರೆ ಸಾಕು.

ಗುದ್ದಿನದು ಇನ್ನೂ ಸೂಕ್ಷ್ಮ. ಅದರ ಬಲ ಹಿಂಗಾಲಲ್ಲಿ ಹುಟ್ಟಿ, ಸೊಂಟದಲ್ಲಿ ತಿರುಗಿ, ಭುಜ ದಾಟಿ ಮುಷ್ಟಿಗೆ ಬರುತ್ತದೆ. ಆ ಕಾಲು ಜಾರದಂತೆ ಹಿಡಿಯುವುದು ಘರ್ಷಣೆ. ಘರ್ಷಣೆ ನಿಂತಿರುವುದು ತೂಕದ ಮೇಲೆ. 60 ಕಿಲೋದವನು ಮಂಗಳದಲ್ಲಿ ಇಲ್ಲಿನ 23 ಕಿಲೋದವನಷ್ಟೇ ತೂಗುತ್ತಾನೆ, ಪಾದದ ಹಿಡಿತವೂ ಅಷ್ಟಕ್ಕೇ ಇಳಿಯುತ್ತದೆ. ಆದರೆ ದ್ರವ್ಯರಾಶಿ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ. ಓಡಿಬಂದು ಎದೆಗೆ ಬಡಿದರೆ ಇಲ್ಲಿನಷ್ಟೇ ಪೆಟ್ಟು. ಅವನನ್ನು ಎತ್ತುವುದು ಸುಲಭ, ನಿಲ್ಲಿಸುವುದು ಕಷ್ಟ.

ಹಾಗಾಗಿ ನನ್ನ ಓಟು ಕುಸ್ತಿಗೆ. ಗರಡಿಯಲ್ಲಿ ಪೈಲ್ವಾನರು ಎದುರಾಳಿಯ ಬೆವರಿದ ಭುಜಕ್ಕೆ ಕೆಮ್ಮಣ್ಣು ಸವರುವುದನ್ನು ಹತ್ತಿರದಿಂದ ನೋಡಿ. ಬೆರಳು ಜಾರಬಾರದು, ಅಷ್ಟೇ. ಕೈಹಿಡಿತಕ್ಕೆ ಗುರುತ್ವ ಬೇಡ, ಸ್ನಾಯುವಿನ ಬಿಗಿ ಸಾಕು. ಚಿತ್ ಮಾಡುವುದು ಮಾತ್ರ ನಿಧಾನ: ಒಂದು ಮೀಟರ್ ಎತ್ತರದಿಂದ ಬೀಳಲು ಇಲ್ಲಿ 0.45 ಸೆಕೆಂಡ್, ಅಲ್ಲಿ 0.73. ಅಷ್ಟರಲ್ಲಿ ಜಾಣ ಪೈಲ್ವಾನ ಹೊರಳಿಬಿಡುತ್ತಾನೆ.

ಭೂಮಿಯಲ್ಲಿ ಪಳಗಿದ ಮೈ ಬೇರೆ ನೆಲದಲ್ಲಿ ಹೇಗೆ ಮೋಸ ಹೋಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. 1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಚಾರ್ಲ್ಸ್ ಡ್ಯೂಕ್ ಚಂದ್ರನ ಮೇಲೆ ಖುಷಿಗೆ ಎತ್ತರ ಜಿಗಿದರು. ಬೆನ್ನಿನ ಚೀಲ ಹಿಂದಕ್ಕೆಳೆದು ಅಂಗಾತ ಬಿದ್ದರು. ಉಸಿರಿನ ವ್ಯವಸ್ಥೆಯೆಲ್ಲ ಆ ಚೀಲದಲ್ಲೇ ಇತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ.

ಇಂಥ ಪಟ್ಟು ಕಲಿಯಲು ಇನ್ನೂ ದೂರದ ಗುರುಗಳನ್ನು ಹುಡುಕಿ ಅತಿ ವೇಗದಲ್ಲಿ ಹೊರಟರೆ ಕಾಲವೇ ಬದಲಾಗುತ್ತದೆ. ಒಟ್ಟು 803 ದಿನ ಭೂಮಿಯ ಕಕ್ಷೆಯಲ್ಲಿದ್ದ ಗಗನಯಾತ್ರಿ ಸೆರ್ಗೇಯ್ ಕ್ರಿಕಲ್ಯೋವ್ ನಮಗಿಂತ ಸುಮಾರು 0.02 ಸೆಕೆಂಡ್ ಕಡಿಮೆ ವಯಸ್ಸಾಗಿ ಮರಳಿದರು. ಸೂರ್ಯನ ನೆರೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ಅದರ ಸುತ್ತ ಒಂದು ಗ್ರಹವಿರುವುದು 2016ರಲ್ಲಿ ತಿಳಿಯಿತು. ಬೆಳಕಿನ ಶೇ 99ರಷ್ಟು ವೇಗದ ನೌಕೆ ಸಿಕ್ಕಿತೆನ್ನಿ. ಅಲ್ಲಿ ಎರಡು ವರ್ಷ ಕಲಿತು ಬಂದರೆ ಹುಡುಗನಿಗೆ ಕಳೆಯುವುದು ಮೂರು ವರ್ಷ ಚಿಲ್ಲರೆ, ಇಲ್ಲಿ ಹತ್ತೂವರೆ.

ಅವನಿಗೆ ಎಂಟು ವರ್ಷದ ತಮ್ಮನಿದ್ದಾನೆ, ಹಿಂದಿನ ಸಾಲಿನಲ್ಲಿ ಬಿಳಿ ಬೆಲ್ಟು ಕಟ್ಟಿ ನಿಲ್ಲುತ್ತಾನೆ. ಅಣ್ಣ ಮರಳುವ ಹೊತ್ತಿಗೆ ಆ ತಮ್ಮನೇ ಅಣ್ಣನಿಗಿಂತ ಮೂರು ವರ್ಷ ದೊಡ್ಡವನಾಗಿರುತ್ತಾನೆ.