ಹುಣ್ಣಿಮೆಯಿಂದ ಅಳೆದ ಬೆಳಕು

ಟಾರ್ಚಿನ ಪೆಟ್ಟಿಗೆಯ ಮೇಲೆ ‘200 ಮೀಟರ್’ ಎಂದು ಬರೆದಿರುತ್ತದಲ್ಲ, ಆ ದೂರವನ್ನು ಯಾವುದರಿಂದ ಅಳೆದಿದ್ದಾರೆ ಗೊತ್ತೇ? ಬೆಳದಿಂಗಳಿನಿಂದ! ಕವಿತ್ವ ಅಲ್ಲ, ಅಪ್ಪಟ ಎಂಜಿನಿಯರಿಂಗ್. ಮೋಡವಿಲ್ಲದ ಹುಣ್ಣಿಮೆ ರಾತ್ರಿ ನೆಲಕ್ಕೆ ಬೀಳುವ ಬೆಳಕು ಹೆಚ್ಚುಕಡಿಮೆ 0.25 ಲಕ್ಸ್. ಟಾರ್ಚಿನ ಬೆಳಕು ಮುಂದೆ ಮುಂದೆ ಹೋಗುತ್ತ ತೆಳುವಾಗಿ, ಎಲ್ಲಿ ಈ 0.25 ಲಕ್ಸ್‌ಗೆ ಇಳಿಯುತ್ತದೋ ಅಲ್ಲಿಗೆ ಅದರ ‘ದೂರ’ ಮುಗಿಯಿತು. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆನ್ಸಿ ಎಫ್‌ಎಲ್ 1’ ಎಂಬ ಮಾನದಂಡ ಹೇಳುವುದು ಇದನ್ನೇ. ಅಂದರೆ 200 ಮೀಟರ್ ಟಾರ್ಚ್ ಎಂದರೆ, 200 ಮೀಟರ್ ಆಚೆಗಿನ ಬೇವಿನ ಮರದ ಮೇಲೆ ಒಂದು ಹುಣ್ಣಿಮೆಯನ್ನು ಒಯ್ದು ಇಳಿಸುವ ಯಂತ್ರ!

ಈ ಯಂತ್ರದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಪ್ರಯೋಗಾಲಯದಲ್ಲಿ ಅಲ್ಲ, ಹಿರೇಬೆಂಡಿಗೇರಿಯಂಥ ಊರಿನ ಹೊಲದ ಬದುವಿನ ಮೇಲೆ. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಊರು ಇದು. ಗೋವಿನಜೋಳ, ಹತ್ತಿಯ ಸೀಮೆ. ಗೋವಿನಜೋಳ ಆಳೆತ್ತರ ಬೆಳೆದು ನಿಂತರೆ ಹಗಲಲ್ಲೇ ಪಕ್ಕದ ಸಾಲಿನವರು ಕಾಣುವುದಿಲ್ಲ. ಅಮಾಸಿ ರಾತ್ರಿಯ ಮಾತು ಕೇಳಲೇಬೇಡಿ. ಆದರೂ ರಾತ್ರಿ ಹೊಲಕ್ಕೆ ಹೋಗದೆ ವಿಧಿಯಿಲ್ಲ. ರಾಜ್ಯದಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟು ಕೊಡುವುದು ಸರ್ಕಾರದ ಲೆಕ್ಕ. ಆ ಸರದಿ ರಾತ್ರಿಗೆ ಬಿತ್ತೋ, ನಿದ್ದೆಗಣ್ಣಲ್ಲಿ ಎದ್ದು ಮೋಟರು ಚಾಲೂ ಮಾಡಬೇಕು, ಕಾಲುವೆ ಒಡೆದು ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ‘ಬ್ಯಾಟ್ರಿ ತಗೊಂಡ್ ಹೋಗು, ಹುಳ ಹುಪ್ಪಡಿ ಇರ್ತಾವು’ ಎಂದು ಮನೆಯವರು ಹಿಂದಿನಿಂದ ಕೂಗುವುದು ಈ ಕಡೆಯ ಯಾವ ಮನೆಯಲ್ಲೂ ಹೊಸತಲ್ಲ.

ಆ ಎರಡು ಶೆಲ್ಲಿನ ಹಳೇ ಬ್ಯಾಟ್ರಿ ಎಷ್ಟು ಬೆಳಗುತ್ತಿತ್ತು? ಹತ್ತಿಪ್ಪತ್ತು ಲುಮೆನ್. ಒಂದು ಮೇಣದ ಬತ್ತಿಯೇ ಹನ್ನೆರಡು ಲುಮೆನ್ ಆಸುಪಾಸು ಕೊಡುತ್ತದೆ! ಡೇವಿಡ್ ಮಿಸೆಲ್ ಎಂಬಾತ 1899ರಲ್ಲಿ ಅಮೆರಿಕದಲ್ಲಿ ಕೈದೀಪಕ್ಕೆ ಪೇಟೆಂಟ್ ಪಡೆದಾಗ ಅದು ಕೆಲ ಗಳಿಗೆ ಮಿಂಚಿ ಸುಸ್ತಾಗುವ ಕೊಳವೆಯಾಗಿತ್ತು. ಅಲ್ಲಿಂದ ಸುಮಾರು ನೂರು ವರ್ಷ ನಡೆದದ್ದೆಲ್ಲ ಸಣ್ಣಪುಟ್ಟ ರಿಪೇರಿ. ಆಮೇಲೆ ಆದದ್ದು ಸ್ಫೋಟ!

ಈಗ ಅಂಗೈ ಹಿಡಿಯುವಷ್ಟು ಉದ್ದದ, ಮತ್ತೆ ಮತ್ತೆ ಚಾರ್ಜ್ ಆಗುವ ಒಂದು ಟಾರ್ಚನ್ನು ಬಿಚ್ಚಿ ನೋಡೋಣ. ಪೆಟ್ಟಿಗೆಯ ಮೇಲಿನ ಅಂಕಿಗಳು: 1,000 ಲುಮೆನ್, 10,000 ಕ್ಯಾಂಡೆಲಾ, 200 ಮೀಟರ್. ಹ್ಯಾಲೊಜನ್ ಬಲ್ಬಿನ ಕಾರು ‘ಡಿಮ್’ ಹಾಕಿದಾಗ ಒಂದು ಬಲ್ಬು ಕೊಡುವುದೇ ಸುಮಾರು 1,000 ಲುಮೆನ್. ಅಷ್ಟು ಬೆಳಕು ಅಂಗಿಯ ಕಿಸೆಯಲ್ಲಿ!

ಗಾಜಿನ ಹಿಂದೆ ಇಣುಕಿ. ಗೋವಿನಜೋಳದ ಕಾಳಿಗಿಂತ ಚಿಕ್ಕದಾದ ಹಳದಿ ಚುಕ್ಕಿ ಕಾಣುತ್ತದೆ. ಅದೇ ಎಲ್‌ಇಡಿ. ಅದರ ಕೆಳಗಿರುವುದು ಗ್ಯಾಲಿಯಂ ನೈಟ್ರೈಡ್ ಹರಳು. ಅದು ಸೂಸುವುದು ನೀಲಿ ಬೆಳಕನ್ನು. ಮೇಲಿನ ಹಳದಿ ಲೇಪ ಆ ನೀಲಿಯಲ್ಲಿ ಒಂದಿಷ್ಟನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಆ ನೀಲಿಯನ್ನು ಪಳಗಿಸಲು ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಾಮುರಾ ವರ್ಷಗಟ್ಟಲೆ ಹೆಣಗಿದರು. 2014ರ ಭೌತವಿಜ್ಞಾನ ನೊಬೆಲ್ ಪಡೆದರು. ಬಾಲದ ಮುಚ್ಚಳ ತಿರುಗಿಸಿ ಸೆಲ್ ಹೊರತೆಗೆಯಿರಿ. ಲಿಥಿಯಂ ಅಯಾನ್! ಅದಕ್ಕೆ 2019ರ ರಸಾಯನವಿಜ್ಞಾನ ನೊಬೆಲ್ ಸಂದಿತು, ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಹೊಲಕ್ಕೆ ಹೊರಟವನ ಕಿಸೆಯಲ್ಲಿ ಎರಡು ನೊಬೆಲ್ ಪ್ರಶಸ್ತಿಗಳು ಕುಳಿತಿವೆ, ಯೋಚಿಸಿ!

ಸೆಲ್ಲಿನ ಮೈಮೇಲೆ ‘21700’ ಎಂದಿದೆ. 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಸಾಮರ್ಥ್ಯ 5,000 ಎಂಎಎಚ್, ಒತ್ತಡ 3.6 ವೋಲ್ಟ್. ಗುಣಿಸಿದರೆ 18 ವ್ಯಾಟ್-ತಾಸು. ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವ್ಯಾಟ್‌ಗೆ ನೂರು ಲುಮೆನ್ ಕೊಡುತ್ತದೆಂದು ಹಿಡಿಯಿರಿ. 1,000 ಲುಮೆನ್‌ಗೆ 10 ವ್ಯಾಟ್ ಬೇಕು. ಹಾಗಾದರೆ ಪೂರ್ಣ ಜೋರಿನಲ್ಲಿ ಎರಡು ತಾಸೂ ಇಲ್ಲ! ಅದೂ ಕಾಗದದ ಲೆಕ್ಕ. ಉರಿಸಿದ ಕೆಲವೇ ನಿಮಿಷದಲ್ಲಿ ಲೋಹದ ಮೈ ಬಿಸಿಯೇರುತ್ತದೆ, ಒಳಗಿನ ಸರ್ಕೀಟು ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಅದು ಕೆಟ್ಟದ್ದಲ್ಲ, ಎಲ್‌ಇಡಿ ಸುಟ್ಟುಹೋಗದಂತೆ ಮಾಡಿದ ಏರ್ಪಾಟು.

ಇನ್ನು ಅಂಕಿಗಳಲ್ಲಿ ಅಡಗಿದ ಗುಟ್ಟು ನೋಡಿ. ಲುಮೆನ್ ಎಂದರೆ ಟಾರ್ಚು ಚೆಲ್ಲುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ನಟ್ಟನಡುವಿನ ಕಿರಣದ ಬಿರುಸು. ದೂರ ಹೋಗುವುದು ಕ್ಯಾಂಡೆಲಾದ ಬಲದಿಂದ. ಅದರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 10,000ದ ವರ್ಗಮೂಲ 100, ಅದರ ಎರಡು ಪಟ್ಟು 200. ದೂರವನ್ನು 400 ಮೀಟರ್ ಮಾಡಬೇಕೆಂದರೆ ಕ್ಯಾಂಡೆಲಾ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು. ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಈ ಲೆಕ್ಕ ಹಾಕಬಹುದು. ಪೆಟ್ಟಿಗೆಯ ಎರಡು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಅವುಗಳಲ್ಲಿ ಒಂದು ಸುಳ್ಳು!

ಇದೇ ಲೆಕ್ಕವನ್ನು ಬದುವಿನ ಮೇಲೆ ನಿಂತು ಹತ್ತಿರಕ್ಕೆ ಹಾಕಿದರೆ ಎದೆ ಝಲ್ಲೆನ್ನುತ್ತದೆ. 10,000 ಕ್ಯಾಂಡೆಲಾದ ಕಿರಣವನ್ನು ಎರಡು ಮೀಟರ್ ಮುಂದಿನ ನೆಲಕ್ಕೆ ಬಿಟ್ಟರೆ ಅಲ್ಲಿ 2,500 ಲಕ್ಸ್. ಹುಣ್ಣಿಮೆಗಿಂತ ಹತ್ತು ಸಾವಿರ ಪಟ್ಟು! ಕಾಲ ಬುಡದಲ್ಲಿ ಹತ್ತು ಸಾವಿರ ಹುಣ್ಣಿಮೆ! ಅಷ್ಟೊಂದು ಬೆಳಕು ಕಣ್ಣಿಗೆ ರಾಚಿದರೆ ಏನಾಗುತ್ತದೆ? ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣು ಕುರುಡಾಗುತ್ತದೆ, ಬೆಳಕಿನ ವೃತ್ತದ ಆಚೆ ಬರೀ ಮಸಿ. ಆ ಹೊಂದಾಣಿಕೆ ಪೂರ್ತಿ ಮರಳಲು ಅರ್ಧ ತಾಸೇ ಬೇಕಾಗಬಹುದು.

ಈಗ ಗುಂಡಿ ಒತ್ತಿ ಅದೇ ಟಾರ್ಚನ್ನು 50 ಲುಮೆನ್‌ಗೆ ಇಳಿಸಿ. ಇಪ್ಪತ್ತರಲ್ಲಿ ಒಂದು ಪಾಲು ಬೆಳಕು. ಕಾಲ ಬಳಿ ಇನ್ನೂ 125 ಲಕ್ಸ್, ಐನೂರು ಹುಣ್ಣಿಮೆ! ದೂರ ಇನ್ನೂ ಸುಮಾರು 45 ಮೀಟರ್. ಚಾರ್ಜು? ಎರಡು ತಾಸು ಬಾಳದ ಸೆಲ್ಲು ಈಗ ಮೂವತ್ತು ತಾಸಿನ ಮೇಲೆ ಬಾಳುತ್ತದೆ. ಲುಮೆನ್ ಇಪ್ಪತ್ತನೇ ಒಂದಕ್ಕೆ ಇಳಿದರೂ ದೂರ ಇಳಿದದ್ದು ನಾಲ್ಕೂವರೆ ಪಟ್ಟು ಮಾತ್ರ! ಜೋರು ಬೆಳಕಿನ ಟಾರ್ಚಿನ ಅತಿ ದೊಡ್ಡ ಶಕ್ತಿ ಅದರ ಸಣ್ಣ ಬೆಳಕಿನಲ್ಲಿದೆ. ಯಾವ ಜಾಹೀರಾತೂ ಹೇಳದ ಮಾತು ಇದು.

ಕತ್ತಲ ಹೊಲದಲ್ಲಿ ಇನ್ನೊಂದು ಬೆರಗು ಕಾದಿದೆ. ಟಾರ್ಚನ್ನು ಕಣ್ಣಿನ ಪಕ್ಕಕ್ಕೆ, ಕಿವಿಯ ಮಟ್ಟದಲ್ಲಿ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿ. ಸಾಸಿವೆಗಿಂತ ಸಣ್ಣ ಹಸಿರು-ನೀಲಿ ಕಿಡಿಗಳು ನೂರಾರು! ಇಬ್ಬನಿಯೇ? ಅಲ್ಲ, ಹತ್ತಿರ ಹೋದರೆ ಕಿಡಿ ಓಡುತ್ತದೆ. ಅವು ಬೇಟೆಗೆ ಹೊರಟ ತೋಳ-ಜೇಡಗಳ ಕಣ್ಣು. ಕಣ್ಣಿನ ಒಳಗೋಡೆಯ ಹೊಳಪಿನ ಪದರ ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಅದಕ್ಕೇ ಟಾರ್ಚು ಕಣ್ಣಿನ ಪಕ್ಕದಲ್ಲಿದ್ದರೆ ಮಾತ್ರ ಕಾಣುವುದು. ಎತ್ತು, ಬೆಕ್ಕು, ನರಿಯ ಕಣ್ಣು ಹೊಳೆಯುವುದೂ ಹೀಗೆಯೇ.

ಆದರೆ ಹಾವಿನ ಕಣ್ಣು ಹೊಳೆಯುವುದಿಲ್ಲ! ಅದಕ್ಕೆ ಆ ಪದರವೇ ಇಲ್ಲ. ಇಲ್ಲಿಗೆ ಬೆರಗು ನಿಂತು ಬದುಕಿನ ಪ್ರಶ್ನೆ ಶುರುವಾಗುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಣ ರವದಿಯಲ್ಲಿ ಸುತ್ತಿಕೊಂಡ ಕೊಳಕುಮಂಡಲ ಕಣ್ಣು ಮಿನುಗಿಸಿ ಎಚ್ಚರಿಸುವುದಿಲ್ಲ. ಅದರ ಮೈಯನ್ನೇ ಗುರುತಿಸಬೇಕು. ಅದಕ್ಕೆ ಟಾರ್ಚನ್ನು ಹಿಡಿಯುವ ಎತ್ತರ ಬದಲಾಗಬೇಕು. ಹಣೆಗೆ ಕಟ್ಟಿದ ದೀಪದಲ್ಲಿ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ, ಎಲ್ಲವೂ ಚಪ್ಪಟೆ ಕಾಣುತ್ತದೆ. ಸೊಂಟದ ಕೆಳಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಹೆಂಟೆಗೂ, ಬೇರಿಗೂ, ಹಾವಿಗೂ ಉದ್ದನೆಯ ನೆರಳು ಮೂಡುತ್ತದೆ. ಬೆಳಕಿನ ಬಣ್ಣವೂ ಮುಖ್ಯ. ಅತಿ ನೀಲಿ ಬಿಳುಪಿನಲ್ಲಿ ಕಂದು, ಕೆಂಪು, ಒಣಹುಲ್ಲು ಎಲ್ಲ ಒಂದೇ ಬೂದಿ. ಪೆಟ್ಟಿಗೆಯ ಮೇಲೆ ‘ಸಿಆರ್‌ಐ 90’ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂಬ ಅಳತೆ) ಎಂದೋ, 4,000 ಕೆಲ್ವಿನ್ ಆಸುಪಾಸಿನ ಬಣ್ಣ ಎಂದೋ ಇದ್ದರೆ ಲುಮೆನ್ ಕೊಂಚ ಕಡಿಮೆಯಾದರೂ ಅದೇ ಇರಲಿ.

ಮಳೆಗಾಲದ ಪರೀಕ್ಷೆ ಬೇರೆ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ಊರೂರು ನೀರಲ್ಲಿ ನಿಂತದ್ದು ನೆನಪಿದೆಯಲ್ಲ? ಅಂಥ ಹೊತ್ತಿಗೆ ನೋಡಬೇಕಾದದ್ದು ‘ಐಪಿಎಕ್ಸ್ 4’ ಮತ್ತು ‘ಐಪಿಎಕ್ಸ್ 7’ರ ಅಂತರ. ಮೊದಲನೆಯದು ಎರಚಲು ತಡೆಯುತ್ತದೆ ಅಷ್ಟೆ. ಎರಡನೆಯದು ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿ ಎದ್ದರೂ ಉರಿಯಬೇಕು! ಆದರೆ ಚಾರ್ಜಿಂಗ್ ಕಿಂಡಿಯ ರಬ್ಬರು ಮುಚ್ಚಿರದಿದ್ದರೆ ಈ ಯಾವ ಅಂಕಿಗೂ ಬೆಲೆಯಿಲ್ಲ.

ಸಂತೆಯಲ್ಲಿ, ಆನ್‌ಲೈನಿನಲ್ಲಿ ‘1 ಲಕ್ಷ ಲುಮೆನ್’, ‘9,900 ಎಂಎಎಚ್’ ಎಂದು ಬರೆದ ಅಗ್ಗದ ಟಾರ್ಚುಗಳು ರಾಶಿ ಬಿದ್ದಿವೆ. 18650 ಎಂಬ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ 3,500 ಎಂಎಎಚ್ ಆಸುಪಾಸು ಹಿಡಿಯುತ್ತದೆ, 9,900 ಎಂಬುದು ಹಸಿ ಸುಳ್ಳು. ಅನುಮಾನವಿದ್ದರೆ ಸೆಲ್ಲನ್ನು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಗೆ ಹಾಕಿ. ಅಸಲಿ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, 21700 ಆದರೆ 70 ಗ್ರಾಂ ಹತ್ತಿರ. ಮುಳ್ಳಿಲ್ಲದ ತಕ್ಕಡಿಗೂ ಸುಳ್ಳು ಗೊತ್ತಾಗುತ್ತದೆ!

ಕೊನೆಗೆ ತೀರ್ಪು. ಹಿರೇಬೆಂಡಿಗೇರಿಯ ಹೊಲಕ್ಕೆ ಲಕ್ಷ ಲುಮೆನ್ ಬೇಡ. 800ರಿಂದ 1,000 ಅಸಲಿ ಲುಮೆನ್, 50 ಲುಮೆನ್ನಿನ ಸಣ್ಣ ಮೋಡ್, ಐಪಿಎಕ್ಸ್ 7, ಬಿಚ್ಚಿ ಬದಲಿಸಬಹುದಾದ ಸೆಲ್ಲು, ಮೊಬೈಲಿನ ಟೈಪ್-ಸಿ ಚಾರ್ಜರಿನಿಂದಲೇ ತುಂಬುವ ಅನುಕೂಲ, ಇಷ್ಟಿದ್ದರೆ ಧಾರಾಳ ಸಾಕು. ಕಾಯಂ ನಡಿಗೆಗೆ ಸಣ್ಣ ಬೆಳಕು. ಬಾವಿಯ ದಂಡೆ, ಹಳ್ಳದ ಆಚೆ ದಡ, ದನ ತಪ್ಪಿಸಿಕೊಂಡ ದಿಕ್ಕು ನೋಡಲು ಮಾತ್ರ ಜೋರು ಬೆಳಕು. ಜೋರು ಬೆಳಕನ್ನು ಹಾಸಿಗೆ, ಬಟ್ಟೆಯ ಮೇಲೆ ಮಗುಚಿ ಇಡಬೇಡಿ, ಸುಡುತ್ತದೆ. ಮಕ್ಕಳ ಕಣ್ಣಿಗಂತೂ ಬಿಡಲೇಬೇಡಿ. ಉಬ್ಬಿದ ಸೆಲ್ಲನ್ನು ಚಾರ್ಜಿಗೆ ಹಾಕಬೇಡಿ, ಬೆಂಕಿಗೆ ಎಸೆಯಬೇಡಿ. ಬಳಸಲಿ ಬಿಡಲಿ, ಅಮಾಸಿಗೊಮ್ಮೆ ಚಾರ್ಜು ನೋಡಿ ತುಂಬಿಸಿಡಿ. ಎಷ್ಟೇ ಬೆಳಕಿರಲಿ, ಕಾಲಿಗೆ ಗಂಬೂಟು ತಪ್ಪದಿರಲಿ. ಹುಳ ಮುಟ್ಟಿದರೆ ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ ಹೋಗಿ.